ಗಾಡಿಯಿಂದ ಇಳಿದವಳು

“ಗುರುಗಳೇ, ಮುರಿದ ವ್ರತವನ್ನು ಮುಂದುವರಿಸುವುದರಲ್ಲಿ ಏನಾದರೂ ಅರ್ಥವಿದೆಯೇ?”

ಕೇಳಿದವನು ಶ್ರಾವಣ ಮುಗಿಯುವತನಕ ಮಾತಾಡುವುದಿಲ್ಲವೆಂದು ಮೌನವ್ರತ ಹಿಡಿದಿದ್ದ ಶಿಷ್ಯ. ಹಿಂದಿನ ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಠದ ಅಡುಗೆಯವನ ಮೇಲೆ ರೇಗಿ ಬಾಯಿ ಬಿಟ್ಟಿದ್ದ. ಬಿಟ್ಟ ಬಾಯಿ ಮತ್ತೆ ಮುಚ್ಚಿರಲಿಲ್ಲ. ಬೆಳಗಿನಿಂದ ಸಿಕ್ಕಸಿಕ್ಕವರೊಡನೆ ಹರಟುತ್ತಿದ್ದ.

“ಮುಳುಗಿದವನಿಗೆ ಚಳಿಯೇನು, ಮಳೆಯೇನು? ಉಳಿದ ದಿನ ಸುಮ್ಮನಿದ್ದರೂ ಅದು ವ್ರತವೆನಿಸೀತೇ?” ಎಂದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿ ವರ್ಷಕ್ಕೊಮ್ಮೆ ಸೈಕಲ್ ತಂಡ ಕಟ್ಟಿಕೊಂಡು ಬೆಟ್ಟಸಾಲು ದಾಟುತ್ತಿದ್ದ. ಹಲವು ದಿನಗಳ ದಾರಿ. ಒಂದು ಘಟ್ಟ ಇಳಿದರೆ ಇನ್ನೊಂದು ಎದುರು ನಿಲ್ಲುವ ಸೀಮೆ. ಹೊರಡುವ ದಿನ ಅವನು ಚಕ್ರದಡಿ ನಿಂಬೆಹಣ್ಣು ಇಡಿಸಿ, ಪ್ರತಿಯೊಬ್ಬರ ಹ್ಯಾಂಡಲ್ಲಿಗೂ ತುಂಡು ಹಳದಿ ಬಟ್ಟೆ ಕಟ್ಟುತ್ತಿದ್ದ. ತಂಡದ ಹಿಂದೆ ಒಂದು ಮೋಟಾರು ಗಾಡಿ ಬರುತ್ತಿತ್ತು. ಸೋತವರು ಅದನ್ನು ಹತ್ತಬಹುದು. ಹತ್ತಿದವರ ಹಳದಿ ಬಟ್ಟೆಯನ್ನು ವ್ಯಾಪಾರಿ ಕತ್ತರಿಸಿಬಿಡುತ್ತಿದ್ದ. ಅವರ ಸೈಕಲ್ ಗಾಡಿಯ ಮೇಲೇರುತ್ತಿತ್ತು. ಅಲ್ಲಿಂದ ಮುಂದೆ ಅವರ ಕೆಲಸ, ತುಳಿಯುವವರಿಗೆ ಬಾಳೆಹಣ್ಣು ಮಜ್ಜಿಗೆ ಕೊಡುವುದು. ಯಾರೂ ಮತ್ತೆ ಸೈಕಲ್ ಕೇಳಿದ್ದಿಲ್ಲ. ಸೀಟು ಮೆತ್ತಗಿದ್ದರೆ ನಾಚಿಕೆಯೂ ಒಗ್ಗಿಹೋಗುತ್ತದೆ.

ಒಂದು ವರ್ಷ ಆ ತಂಡಕ್ಕೆ ಒಬ್ಬ ಬಸ್ ಕಂಡಕ್ಟರಮ್ಮ ಸೇರಿದಳು. ದಾರಿಯ ಕೊನೆಯ ಘಟ್ಟ ಅವಳ ಬಸ್ಸು ದಿನವೂ ಹತ್ತಿ ಇಳಿಯುತ್ತಿದ್ದ ಘಟ್ಟ. ಅದನ್ನು ಒಮ್ಮೆಯಾದರೂ ತನ್ನ ಕಾಲಿನ ಬಲದಿಂದ ಹತ್ತಬೇಕೆಂಬುದು ಅವಳ ಹಟ. ಅವಳು ಬಂದದ್ದೇ ಅದಕ್ಕೆ.

ಎರಡನೆಯ ದಿನದ ಬಿಸಿಲಿಗೆ ಅವಳ ಹೊಟ್ಟೆ ತೊಳಸಿತು. ಏರಿನ ನಡುವೆ ಕಾಲಿನ ಮೀನಖಂಡ ಹಿಡಿದುಕೊಂಡಿತು. ವಾಂತಿ ಮಾಡಿಕೊಂಡು ರಸ್ತೆಯಂಚಿನಲ್ಲಿ ಕುಸಿದಳು. ಗಾಡಿ ಬಂದು ನಿಂತಿತು. ಯಾರೂ ಒತ್ತಾಯ ಮಾಡಲಿಲ್ಲ, ತಾನಾಗಿಯೇ ಹತ್ತಿದಳು. ಕತ್ತರಿ ಕಚಕ್ಕೆಂದಾಗ ಮಾತ್ರ ಅತ್ತುಬಿಟ್ಟಳು. ಮೊದಲೇ ಸೋತು ಒಳಗೆ ಕೂತಿದ್ದ ಒಬ್ಬ ವಕೀಲ, ಒಬ್ಬ ಅಕ್ಕಸಾಲಿಗ ಸರಿದು ಜಾಗ ಮಾಡಿಕೊಟ್ಟರು. ಬಾಳೆಹಣ್ಣಿನ ಬುಟ್ಟಿ ಅವಳ ಮಡಿಲಿಗೆ ಬಂತು. ಕಾಲಿನ ನೋವಿಗಿಂತ ಆ ಬುಟ್ಟಿಯೇ ಅವಳಿಗೆ ಹೆಚ್ಚು ಉರಿ ತಂದಿತು.

ಮರುದಿನ ಬೆಳಿಗ್ಗೆ ಕಾಲು ಸಡಿಲವಾಗಿತ್ತು. ಹೊಟ್ಟೆ ಗಂಜಿಯನ್ನು ಒಪ್ಪಿಕೊಂಡಿತ್ತು. ಅವಳು ಗಾಡಿಯ ಮೇಲೆ ಹತ್ತಿ ತನ್ನ ಸೈಕಲ್ಲಿನ ಹಗ್ಗ ಬಿಚ್ಚತೊಡಗಿದಳು. ವ್ಯಾಪಾರಿ ಓಡಿಬಂದ.

“ಏನಮ್ಮಾ ಇದು? ಒಂದ್ಸಲ ಗಾಡಿ ಹತ್ತಿದ್ಮೇಲೆ ಮುಗೀತು. ಇನ್ನು ನೀವೆಷ್ಟು ತುಳಿದ್ರೂ ಲೆಕ್ಕಕ್ಕಿಲ್ಲ.”

“ಎಷ್ಟೋ ವರ್ಷದಿಂದ ಜನಾನ ಹತ್ತಿಸ್ತಿದೀನಿ, ಇಳಿಸ್ತಿದೀನಿ ಸಾವ್ಕಾರ್ರೇ. ಹತ್ತಿದೋರು ಇಳೀಲೇಬಾರ್ದು ಅನ್ನೋ ಬಸ್ಸನ್ನ ನಾನಂತೂ ಕಂಡಿಲ್ಲ. ಲೆಕ್ಕ ನೀವೇ ಇಟ್ಕೊಳ್ಳಿ, ಸೈಕಲ್ ನಂದು.”

“ಹಳದಿ ಬಟ್ಟೆ ಇಲ್ದೋರಿಗೆ ಸಾಲಲ್ಲಿ ಜಾಗ ಕೊಡೋದಿಲ್ಲ.”

“ಬೇಡ ಬಿಡಿ. ರಸ್ತೆ ಅಗಲವಾಗೈತೆ.”

ಸಾಲಿನಲ್ಲಿ ಹೋಗುವವರಿಗೆ ಒಂದು ಅನುಕೂಲವಿದೆ. ಮುಂದಿನವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿನವನಿಗೆ ತುಳಿತ ಹಗುರಾಗುತ್ತದೆ. ಅವಳಿಗೆ ಆ ಮರೆ ಇರಲಿಲ್ಲ. ಬೀಸಿದ ಗಾಳಿಯೆಲ್ಲ ಅವಳದೇ. ಮೊದಮೊದಲು ತಿರುವಿಗೊಂದರಂತೆ ವ್ಯಾಪಾರಿಗೆ ಶಾಪ ಹಾಕಿದಳು. ಶಾಪಕ್ಕೂ ಉಸಿರು ಬೇಕೆಂದು ತಿಳಿದ ಮೇಲೆ ನಿಲ್ಲಿಸಿದಳು. ತೀರ ಕಡಿದಾದ ಕಡೆ ಇಳಿದು ತಳ್ಳಿದಳು, ಮತ್ತೆ ಹತ್ತಿ ತುಳಿದಳು. ಅಕ್ಕಸಾಲಿಗ ಕಿಟಕಿಯಿಂದ ಬಾಳೆಹಣ್ಣು ಚಾಚಿದಾಗ ಬೇಡವೆನ್ನಲಿಲ್ಲ. ಹಟ ಮಾಡುವವರಿಗೂ ಹಸಿವಾಗುತ್ತದೆ.

ಹೀಗೆ ಕೊನೆಯ ಘಟ್ಟ ಬಂತು. ದಿನವೂ ಬಸ್ಸಿನ ಕಂಬಿ ಹಿಡಿದು ದಾಟುತ್ತಿದ್ದ ತಿರುವುಗಳು ಈಗ ಅವಳ ತೊಡೆಗೆ ಬಡಿಯುತ್ತಿದ್ದವು. ಅರ್ಧ ಏರಿದಾಗ ಮೀನಖಂಡ ಮತ್ತೆ ಹಿಡಿದುಕೊಂಡಿತು. ಇಳಿದು ನಿಂತಳು. ಕಣ್ಣಲ್ಲಿ ನೀರು ಬಂತು. ಗಾಡಿ ಪಕ್ಕಕ್ಕೆ ಬಂದು ನಿಂತಿತು, ಬಾಗಿಲು ತೆರೆಯಿತು. ಒಳಗಿನ ಸೀಟು ಕಾಣುತ್ತಿತ್ತು. ಆ ಗಳಿಗೆಯಲ್ಲಿ ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದುದು ಅದೊಂದೇ ಸೀಟು.

ಅವಳು ಬಾಗಿಲನ್ನು ತಾನೇ ಧಡಾರನೆ ಮುಚ್ಚಿದಳು. ಗಾಡಿಯ ಮೈಗೆ ಎರಡು ಏಟು ಬಡಿದು, ತನ್ನ ಬಸ್ಸಿನ ಡ್ರೈವರಿಗೆ ಕೂಗುವಂತೆಯೇ ಕೂಗಿದಳು: “ರೈಟ್, ರೈಟ್!”

ಗಾಡಿ ಹೊರಟಿತು. ಅವಳು ಕಾಲು ತಿಕ್ಕಿಕೊಂಡು ಪೆಡಲಿನ ಮೇಲೆ ಎದ್ದು ನಿಂತಳು. ಮುಂದಿನ ತಿರುವಿನಲ್ಲಿ ಅಕ್ಕಸಾಲಿಗ ತನ್ನ ಸೈಕಲ್ ಇಳಿಸಿಕೊಳ್ಳುತ್ತಿದ್ದ. ವಕೀಲ ಮಾತ್ರ ಒಳಗೇ ಕೂತು, ನಿಯಮ ಅಕ್ಕಸಾಲಿಗನಿಗೆ ಹೇಗೆ ಅನ್ವಯಿಸುತ್ತದೆಂದು ಡ್ರೈವರಿಗೆ ವಿವರಿಸುತ್ತಿದ್ದ.

ಘಟ್ಟದ ನೆತ್ತಿಯಲ್ಲಿ ವ್ಯಾಪಾರಿ ಹಾರಗಳನ್ನು ಹಿಡಿದು ನಿಂತಿದ್ದ. ಅವಳು ಏದುಸಿರು ಬಿಡುತ್ತ, ಸೈಕಲ್ಲಿನ ಮೇಲೆಯೇ ಅಲ್ಲಿಗೆ ಬಂದಳು.

ಇಷ್ಟಕ್ಕೇ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಅವಳಿಗೂ ಹಾರ ಹಾಕಿದರೇ ಗುರುಗಳೇ? ಕೊನೆಗೆ ಅವಳು ತುಳಿದದ್ದು ಲೆಕ್ಕಕ್ಕೆ ಬಂತೇ?”

“ನೀನಿನ್ನೂ ಗಾಡಿಯಲ್ಲೇ ಕೂತು ಮಾತಾಡುತ್ತಿದ್ದೀಯೆ, ಇಳಿ,” ಎಂದರು ಗುರುಗಳು.