ಇನ್ನೂರು ಹುಡುಗಿಯರ ಒಂದು ದನಿ

“ಗುರುಗಳೇ, ಮಗಳಿಗೆ ಶಾಲೆ ಆರಿಸುವುದು ಹೇಗೆ?”

ಹೀಗೆ ಕೇಳಿದವನು ಹಾಲಪ್ಪ. ಮಠಕ್ಕೆ ಎಷ್ಟೋ ವರ್ಷದಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಒಳ್ಳೆಯ ಮನುಷ್ಯ, ಆದರೆ ಒಂದು ಬದನೆಕಾಯಿ ಕೊಳ್ಳುವುದಕ್ಕೂ ನಾಲ್ಕು ಅಂಗಡಿ ಸುತ್ತುವವನು. ಅವನ ಒಬ್ಬಳೇ ಮಗಳಿಗೆ ಆಗ ಹತ್ತು ವರ್ಷ. ಊರಿನಲ್ಲಿ ಹೆಣ್ಣುಮಕ್ಕಳಿಗೆಂದೇ ನಾಲ್ಕು ಖಾಸಗಿ ಶಾಲೆಗಳಿದ್ದವು. ನಾಲ್ಕೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥವು. ಹಾಲಪ್ಪ ನಾಲ್ಕನ್ನೂ ಎರಡೆರಡು ಸಲ ನೋಡಿ ಬಂದಿದ್ದ. ಅವರು ಕೊಟ್ಟ ಬಣ್ಣದ ಪುಸ್ತಿಕೆಗಳನ್ನು ಗುರುಗಳ ಮುಂದೆ ಸಾಲಾಗಿ ಹರಡಿ, ಕೈಕಟ್ಟಿ ಕೂತ.

ಗುರುಗಳು ಒಂದೊಂದನ್ನೇ ಎತ್ತಿ ನೋಡಿದರು. ನಾಲ್ಕರ ಮೇಲೂ ನಗುತ್ತಿರುವವಳು ಒಬ್ಬಳೇ ಹುಡುಗಿಯೇ ಎಂದು ಕೇಳಿದರು. ಹಾಲಪ್ಪ ಬಗ್ಗಿ ನೋಡಿ, ಇಲ್ಲ, ಬೇರೆ ಬೇರೆಯವರು, ಹಾಗೆ ಕಾಣುತ್ತಾರೆ ಅಷ್ಟೆ ಎಂದ. ಗುರುಗಳು ಪುಸ್ತಿಕೆಗಳನ್ನು ಬದಿಗೆ ಸರಿಸಿ ಕತೆ ಶುರುಮಾಡಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ತಂಬೂರಿ ಮಾಡುವವನೊಬ್ಬನಿದ್ದ. ಅವನಿಗೆ ಕಣ್ಣು ಎರಡೂ ಚೆನ್ನಾಗಿದ್ದವು, ಆದರೆ ಅವುಗಳಿಗೆ ಕೆಲಸ ಕಡಿಮೆ. ತಂಬೂರಿಗೆ ಬೇಕಾದ ಒಣ ಸೋರೆಬುರುಡೆ ಆರಿಸುವಾಗ ಕಣ್ಣು ಮುಚ್ಚಿ, ಬೆರಳಿನಿಂದ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದ. ಹಲಸಿನ ಹಣ್ಣನ್ನಾದರೆ ಎಲ್ಲರೂ ತಟ್ಟಿ ಕೊಳ್ಳುತ್ತಾರೆ, ಇವನು ಮಾವಿನ ಹಣ್ಣನ್ನೂ ತಟ್ಟಿ ಕೊಳ್ಳುತ್ತಾನೆ ಎಂದು ಊರವರು ನಗುತ್ತಿದ್ದರು. ಹೆಣ್ಣು ನೋಡಲು ಹೋದಾಗಲೂ ಕಣ್ಣು ಮುಚ್ಚಿಯೇ ಕೂತಿದ್ದನಂತೆ. ಒಳಮನೆಯಲ್ಲಿ ಹುಡುಗಿ ಯಾರನ್ನೋ ಬಯ್ಯುವ ದನಿ ಕೇಳಿ, ಇವಳೇ ಆಗಲಿ ಎಂದನಂತೆ. ಅವನ ಸಂಸಾರ ಚೆನ್ನಾಗಿಯೇ ನಡೆಯಿತು. ಆದ್ದರಿಂದ ಕಿವಿಯ ಮೇಲಿನ ನಂಬಿಕೆ ಇನ್ನಷ್ಟು ಬಲಿಯಿತು.

ಅವನ ಮಗಳು ತುಂಗವ್ವ. ಅಪ್ಪ ತಂತಿ ಬಿಗಿಯುವಾಗ ಅವಳು ಎದುರಿಗೆ ಕೂರುತ್ತಿದ್ದಳು. ಮಧ್ಯಾಹ್ನ ತಂಬೂರಿ ಮೊರೆಯತೊಡಗಿದರೆ ಇಬ್ಬರಿಗೂ ಅರ್ಧ ನಿದ್ದೆ, ಅರ್ಧ ಎಚ್ಚರ. ಗೋಡೆ ಮೊರೆಯುತ್ತಿತ್ತು, ನೆಲ ಮೊರೆಯುತ್ತಿತ್ತು, ಹೊಳೆ ಮನೆಯೊಳಗೇ ಹರಿಯುತ್ತಿದೆ ಅನ್ನಿಸುತ್ತಿತ್ತು. ಆ ಮಂಪರಿನಲ್ಲೇ ಹುಡುಗಿ, “ಅಪ್ಪಾ, ನಿನ್ನ ಮೂರನೇ ತಂತಿ ಸುಳ್ಳು ಹೇಳಾಕತ್ತೈತಿ ನೋಡ” ಎನ್ನುತ್ತಿದ್ದಳು. ಅವನು ಮೀಟಿ ನೋಡಿದರೆ ಅದು ಕೂದಲೆಳೆಯಷ್ಟು ಇಳಿದೇ ಇರುತ್ತಿತ್ತು. ನನ್ನ ತಪ್ಪು ಹಿಡಿಯುವವಳು ನನ್ನ ಮನೆಯಲ್ಲೇ ಹುಟ್ಟಿದ್ದಾಳೆ ಎಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಅವಳು ಓಣಿಯ ಸಣ್ಣ ಶಾಲೆ ಮುಗಿಸಿದಳು. ದೊಡ್ಡ ಶಾಲೆಗೆ ಕಳಿಸಬೇಕಾಯಿತು. ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ಎರಡಿದ್ದವು. ಒಳಗೆ ಹೋಗಿ, ಪಾಠ ಹೇಳುವ ಅಕ್ಕೋರನ್ನು ಕಂಡು, ನಾಲ್ಕು ಮಕ್ಕಳನ್ನಾದರೂ ಮಾತಾಡಿಸಿ ಬಾ ಎಂದು ಹೆಂಡತಿ ಹೇಳಿದಳು. ಬುರುಡೆಯನ್ನು ಒಡೆದು ನೋಡಿ ಯಾರಾದರೂ ಕೊಳ್ಳುತ್ತಾರೆಯೇ ಎಂದು ಅವನು ನಕ್ಕ. ಎರಡೂ ಶಾಲೆಯ ಗೋಡೆಗೆ ಹೊರಗಿನಿಂದ ಕಿವಿ ಕೊಟ್ಟು ಬಂದರೆ ಸಾಕು ಎಂದು ಹೊರಟ.

ಮೊದಲು ಹೋದದ್ದು ಕೋಟೆಯ ಪಕ್ಕದ ಶಾಲೆಗೆ. ಕಣ್ಣು ಮುಚ್ಚಿ ನಿಂತ. ಒಳಗೆ ಒಂದು ದನಿ ಏರುತ್ತಿತ್ತು, ಇನ್ನೊಂದು ಅದಕ್ಕೆ ಅಡ್ಡ ಬರುತ್ತಿತ್ತು. ಯಾರೋ ನಗುತ್ತಿದ್ದರು. ನಡುನಡುವೆ ಎಲ್ಲವೂ ನಿಂತುಹೋಗಿ, ಸುಮ್ಮನೆ ಖಾಲಿ. ಮತ್ತೆ ಗದ್ದಲ. ಶ್ರುತಿಯಿಲ್ಲ, ತಾಳವಿಲ್ಲ. ಅವನ ಹಲ್ಲು ಜುಮ್ಮೆಂದವು. ಸಂತೆ ಇದು ಎಂದುಕೊಂಡು ಅಲ್ಲಿಂದ ಕಾಲ್ತೆಗೆದ.

ಎರಡನೆಯದು ಹೊಳೆಯ ಕಡೆಯ ಶಾಲೆ. ಅಲ್ಲಿ ಇನ್ನೂರು ಹುಡುಗಿಯರು ಪಾಠ ಒಪ್ಪಿಸುತ್ತಿದ್ದರು. ಇನ್ನೂರು ಬಾಯಿ, ದನಿ ಒಂದೇ. ಎಲ್ಲಿಯೂ ಒಡಕಿಲ್ಲ, ಬಿರುಕಿಲ್ಲ. ಅವನು ಜೀವಮಾನವೆಲ್ಲ ತಂತಿ ಬಿಗಿದು ಹುಡುಕಿದ್ದು ಗೋಡೆಯ ಆಚೆ ತಾನಾಗಿ ಕೇಳಿಸುತ್ತಿತ್ತು. ಬಿಸಿಲು ಇಳಿದದ್ದೂ ತಿಳಿಯಲಿಲ್ಲ. ಕೆನ್ನೆ ಒದ್ದೆಯಾಗಿತ್ತು. ಮರುದಿನವೇ ಮಗಳನ್ನು ಅಲ್ಲಿಗೆ ಸೇರಿಸಿದ.

ತುಂಗವ್ವ ಬೆಳಿಗ್ಗೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಮೊದಮೊದಲು ಬಂದವಳೇ ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಆಮೇಲೆ ಕೇಳಿದರೆ ಹೇಳುತ್ತಿದ್ದಳು. ಆಮೇಲೆ ಕೇಳಿದ್ದಕ್ಕೆ ಮಾತ್ರ ಹೇಳುತ್ತಿದ್ದಳು. ಅಪ್ಪನನ್ನು ನೀ ಎನ್ನುತ್ತಿದ್ದವಳು ನೀವು ಎನ್ನತೊಡಗಿದಳು. ಶಾಲೆ ಎಷ್ಟು ಚೆಂದ ತಿದ್ದಿದೆ ಎಂದು ನೆರೆಮನೆಯವರು ಹೊಗಳಿದರು. ಹೆಂಡತಿ ಮಾತ್ರ, ಮನೆ ಯಾಕೋ ಬಿಕೋ ಎನ್ನುತ್ತದೆ ಎಂದಳು. ಅವನು ತಂತಿಯ ಮೇಲೆ ಬಗ್ಗಿದ್ದ, ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಯೇ ಬಂಡವಾಳವಾದವನ ಕತೆ ಇದು, ನೋಡು.

ಮಾಗಿಯ ಒಂದು ಸಂಜೆ ಹೊಳೆಯಿಂದ ಮಂಜು ಎದ್ದು ಊರನ್ನೆಲ್ಲ ತುಂಬಿತು. ಮಗಳಿಗೆ ದಾರಿ ತಪ್ಪೀತು ಎಂದು ಅವನು ಶಾಲೆಯ ಬಾಗಿಲಿಗೆ ಹೋಗಿ ನಿಂತ. ಗಂಟೆ ಹೊಡೆಯಿತು. ಮಂಜಿನೊಳಗಿಂದ ಹುಡುಗಿಯರು ಬಂದರು. ಒಂದೇ ಬಟ್ಟೆ, ಒಂದೇ ಜಡೆ, ಒಂದೇ ಹೆಜ್ಜೆ. ಮುಖಗಳು ಮಂಜಿನಲ್ಲಿ ಕರಗಿದ್ದವು. ಅವನು ತುಂಗವ್ವಾ ಎಂದು ಕೂಗಿದ. ಇನ್ನೂರು ತಲೆಗಳು ಒಟ್ಟಿಗೆ ತಿರುಗಿದವು. ಇನ್ನೂರು ಬಾಯಿ ಒಂದೇ ದನಿಯಲ್ಲಿ, ಬಂದೆ ಅಪ್ಪಾ ಎಂದವು.

ಅವನು ಕಣ್ಣು ಮುಚ್ಚಿ, ಆ ದನಿಯೊಳಗೆ ತನ್ನ ಮಗಳನ್ನು ಹುಡುಕಿದ. ಸಿಗಲಿಲ್ಲ. ಮತ್ತೆ ಕೂಗಿದ. ಮತ್ತೆ ಅದೇ ದನಿ. ಬೇರೆ ಅಪ್ಪ ಅಮ್ಮಂದಿರು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಮಕ್ಕಳ ಕೈ ಹಿಡಿದು ನಡೆದರು. ಕೊನೆಗೆ ಉಳಿದವಳ ಕೈ ಹಿಡಿದು ಅವನೂ ನಡೆದ. ಇವಳು ನನ್ನ ಮಗಳು ಹೌದೋ ಅಲ್ಲವೋ ಎಂಬ ಅನುಮಾನ ದಾರಿಯುದ್ದಕ್ಕೂ ಕಾಡಿತು. ಕಣ್ಣಿಗೆ ಹೌದು ಎಂದೇ ಕಾಣುತ್ತಿತ್ತು. ಆದರೆ ಅವನು ಕಣ್ಣನ್ನು ನಂಬಿದವನಲ್ಲ.

ಮನೆಗೆ ಬಂದವನೇ ಒಂದು ತಂಬೂರಿ ತೆಗೆದುಕೊಂಡ. ಮೂರನೇ ತಂತಿಯನ್ನು ಬೇಕೆಂದೇ ಸಡಿಲಿಸಿದ. ಕೂದಲೆಳೆಯಷ್ಟಲ್ಲ, ಕಿವುಡನಿಗೂ ಗೊತ್ತಾಗುವಷ್ಟು. ಮೀಟಿ, ಸರಿಯಾಗಿದೆಯೇ ಎಂದು ಕೇಳಿದ. ಹುಡುಗಿಯ ಹುಬ್ಬು ಒಂದು ಕ್ಷಣ ಗಂಟಾಯಿತು. ಆಮೇಲೆ ಸಡಿಲವಾಯಿತು.

“ನೀವು ಹೆಂಗ ಅಂತೀರಿ ಹಂಗರೀ, ಅಪ್ಪಾ.”

ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ಹೇಳಲಿಲ್ಲ. ಅವನು ತಂಬೂರಿಯನ್ನು ಗೋಡೆಗೆ ಒರಗಿಸಿ, ಹೆಂಡತಿಯ ಎದುರಿಗೇ ಅತ್ತುಬಿಟ್ಟ.

ಬೆಳಗಾದ ಮೇಲೆ ಕೋಟೆಯ ಪಕ್ಕದ ಶಾಲೆಗೆ ಹೋದ. ಈ ಸಲ ಗೋಡೆಗೆ ಕಿವಿ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಣ್ಣು ತೆರೆದು ನಿಂತ. ಒಬ್ಬ ಹುಡುಗಿ ಎದ್ದು ಏನೋ ಹೇಳುತ್ತಿದ್ದಳು. ಅವಳಿಗೆ ಮಾತು ತೊದಲು. ಒಂದು ಅಕ್ಷರ ಬಾಯಲ್ಲಿ ಸಿಕ್ಕಿಕೊಂಡಿತ್ತು. ಅಕ್ಕೋರು ಅದನ್ನು ಎತ್ತಿಕೊಡಲಿಲ್ಲ, ಬೇರೆ ಹುಡುಗಿಯರೂ ಎತ್ತಿಕೊಡಲಿಲ್ಲ. ಎಲ್ಲರೂ ಕಾದರು. ಅವಳು ಮಾತು ಮುಗಿಸಿದ ಮೇಲೆ, ಅದು ತಪ್ಪು ಎಂದು ಹಿಂದಿನ ಸಾಲಿನವಳೊಬ್ಬಳು ಜಗಳ ತೆಗೆದಳು. ಅಂದು ಹೊರಗೆ ನಿಂತು ತಾಳತಪ್ಪಿದ್ದು ಎಂದುಕೊಂಡ ಖಾಲಿ ಇದೇ ಆಗಿತ್ತು. ಒಬ್ಬಳ ಮಾತಿಗೆ ಉಳಿದವರೆಲ್ಲ ಕಾಯುತ್ತಿದ್ದ ಹೊತ್ತು ಅದು. ಅವನಿಗೆ ನಾಚಿಕೆಯಾಯಿತು.

ತುಂಗವ್ವ ಆ ಶಾಲೆಗೆ ಸೇರಿದಳು. ಸೇರಿದ ಕೂಡಲೇ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಬಹಳ ದಿನ ಅವಳು ಕೇಳಿದ್ದಕ್ಕೆಲ್ಲ, ನೀವು ಹೆಂಗ ಅಂತೀರಿ ಹಂಗ ಎಂದೇ ಹೇಳುತ್ತಿದ್ದಳು. ಅವಳಿಗಾಗಿಯೂ ಎಲ್ಲರೂ ಕಾದರು. ಅಪ್ಪ ದಿನವೂ ಮಧ್ಯಾಹ್ನ ಕೋಟೆಯ ನೆರಳಿಗೆ ಬಂದು ಕೂರುತ್ತಿದ್ದ. ಮಾಗಿ ಹೋಯಿತು, ಬೇಸಿಗೆ ಹೋಯಿತು, ಹೊಳೆ ತುಂಬಿ ಇಳಿಯಿತು. ಒಂದು ದಿನ ಗದ್ದಲದ ನಡುವಿನಿಂದ ಒಂದು ದನಿ ಎದ್ದಿತು. ಸಣ್ಣಗಿತ್ತು, ಒರಟಾಗಿತ್ತು, ಯಾವ ಶ್ರುತಿಗೂ ಸೇರುತ್ತಿರಲಿಲ್ಲ.

“ಇಲ್ಲರೀ ಅಕ್ಕೋರೆ, ಹಂಗಲ್ಲ ಅದು.”

ಅಪ್ಪನಿಗೆ ಗುರುತು ಸಿಕ್ಕಿತು. ಅವನು ಗೋಡೆಗೆ ಒರಗಿ, ಎಷ್ಟೋ ತಿಂಗಳ ಮೇಲೆ ನೆಮ್ಮದಿಯಿಂದ ಕಣ್ಣು ಮುಚ್ಚಿದ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪ ಪುಸ್ತಿಕೆಗಳನ್ನು ಒಟ್ಟುಮಾಡಿಕೊಂಡ. ನಾಳೆಯೇ ಹೋಗಿ ನಾಲ್ಕೂ ಶಾಲೆಯ ತರಗತಿಯಲ್ಲಿ ಕೂತು ಕೇಳುತ್ತೇನೆ ಎಂದ. ಮಗಳಿಗೆ ಯಾವುದು ಇಷ್ಟವಂತೆ ಎಂದು ಗುರುಗಳು ವಿಚಾರಿಸಿದರು.

ಹಾಲಪ್ಪನ ಮುಖ ಅರಳಿತು. “ಅವಳದೇನಿದೆ ಗುರುಗಳೇ, ನಾನು ಹಾಕಿದ ಗೆರೆ ದಾಟುವವಳಲ್ಲ. ಮಾತು ಬಂದಾಗಿನಿಂದ ಒಂದು ದಿನವೂ ನನಗೆ ‘ಹಾಗಲ್ಲ ಅಪ್ಪ’ ಎಂದವಳಲ್ಲ.”

“ಹಾಗಾದರೆ ಆ ಒಂದೇ ದನಿಯ ಶಾಲೆಗೆ ಅವಳನ್ನು ನೀನು ಆಗಲೇ ಸೇರಿಸಿಬಿಟ್ಟಿದ್ದೀಯಲ್ಲ, ಹಾಲಪ್ಪ.”