ಮಾಸುವ ಫ್ಲೆಕ್ಸ್, ಮಾಸದ ವಿಡಿಯೊ

ಪುರಸಭೆ ಸದಸ್ಯ ರುದ್ರಮುನಿಯವರು ಫ್ಲೆಕ್ಸ್ ಅಂಗಡಿಗೆ ಬಂದು ಗುಡುಗಿದರು: "ನನ್ನ ಹುಟ್ಟುಹಬ್ಬಕ್ಕೆ ಇಪ್ಪತ್ತಡಿ ಫ್ಲೆಕ್ಸ್. ಈಗಲೇ ಆಗ್ಬೇಕು!"

ಜೊತೆಗಿದ್ದ ಮಗಳು ವೇಲಿನಲ್ಲಿ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತಳು. ಅವಳು ಆಸ್ಪತ್ರೆಯಲ್ಲಿ ಸೂಜಿಗೆ ಹೆದರಿ ಅತ್ತದ್ದನ್ನು ಅಪ್ಪನೇ ವಿಡಿಯೊ ಮಾಡಿ ಊರ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹಾಕಿದ್ದರು. ಅಂದಿನಿಂದ ಶಾಲೆಯಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಕಾಯುತ್ತ ಕಾಯುತ್ತ ಸದಸ್ಯರು ಕುರ್ಚಿಯಲ್ಲೇ ಗೊರಕೆ ಹೊಡೆದರು. ಅಂಗಡಿಯಾಕೆ ಫೋಟೊ ತೆಗೆದಳು. ಎಚ್ಚರವಾದಾಗ ಕಂಪ್ಯೂಟರಿನಲ್ಲಿ, ಹುಟ್ಟುಹಬ್ಬದ ಫ್ಲೆಕ್ಸಿನ ನಡುವೆ ಅವರದೇ ತೆರೆದ ಬಾಯಿ, ಇಳಿದ ಜೊಲ್ಲು.

"ಯಾರನ್ನ ಕೇಳಿ ಹಾಕ್ದೆ ಇದನ್ನ?"

"ಜನ ನಗ್ತಾರೆ, ಅಷ್ಟೇ ಸಾರ್. ಮೂರು ತಿಂಗಳ ಬಿಸಿಲಿಗೆ ಫ್ಲೆಕ್ಸ್ ಮಾಸಿಹೋಗುತ್ತೆ. ಮಗಳ ವಿಡಿಯೊ ಯಾವಾಗ ಮಾಸುತ್ತೆ?"

ಸದಸ್ಯರು ಫೋನ್ ತೆಗೆದು ವಿಡಿಯೊ ಅಳಿಸಿದರು. "ತಪ್ಪಾಯ್ತವ್ವ" ಅಂದರು ಮಗಳಿಗೆ.

ಮರುದಿನವೂ ಹುಡುಗಿ ಅಂಗಡಿ ಮುಂದೆ ಹಾದು ಒಬ್ಬಳೇ ಶಾಲೆಗೆ ಹೋದಳು. ವೇಲು ಮಾತ್ರ ಹೆಗಲ ಮೇಲಿತ್ತು.