ದಿನಕ್ಕೊಂದು ಪಾಪ

"ಅಯ್ಯನವರೇ, ತಪ್ಪು ಒಪ್ಪಿಕೊಳ್ಳದ ಮಗುವನ್ನು ತರಗತಿಯಲ್ಲಿ ಇಟ್ಟುಕೊಳ್ಳಬಹುದೇ?" ಎಂದು ಸಿಲಾಸ ಕೇಳಿದ. ಅವನು ಮಿಷನ್ ಶಾಲೆಗೆ ಹೊಸದಾಗಿ ಸೇರಿದ ಉಪಾಧ್ಯಾಯ. ಎಲಿಷ ಅಯ್ಯನವರು ಅವನಿಗೆ ವೇದಪಾಠ ಹೇಳಿಕೊಟ್ಟ ಗುರುಗಳು.

"ಏನು ತಪ್ಪು?"

"ಯೂನೀಸ ಎಂಬ ಹುಡುಗಿ ಶಾಯಿ ಚೆಲ್ಲಿದ್ದಾಳೆ. ನಾನು ಕಣ್ಣಾರೆ ನೋಡಲಿಲ್ಲ. ಆದರೆ ಅವಳಲ್ಲದೆ ಇನ್ನಾರು? ಕೇಳಿದರೆ ನಾನಲ್ಲ ಎನ್ನುತ್ತಾಳೆ. ಮನುಷ್ಯ ಹುಟ್ಟಿನಿಂದಲೇ ಪಾಪಿ ಎಂದು ನೀವೇ ಕಲಿಸಿದಿರಿ. ನಾಳೆ ಎಲ್ಲರ ಮುಂದೆ ಒಪ್ಪಿಕೊಳ್ಳದಿದ್ದರೆ ಅವಳನ್ನು ಮನೆಗೆ ಕಳಿಸುತ್ತೇನೆ."

ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳತೊಡಗಿದರು.

ಒಬ್ಬ ಉಪಾಧ್ಯಾಯನಿದ್ದ. ಬಹಳ ಭಕ್ತಿವಂತ, ಭಕ್ತಿ ತುಸು ಹೆಚ್ಚೇ ಎನ್ನಬಹುದು. ಭಾನುವಾರ ದೇವಾಲಯದಲ್ಲಿ ಸಭೆಯವರು ಪಾಪದ ಅರಿಕೆ ಮಾಡುವಂತೆ ಶಾಲೆಯಲ್ಲೂ ಮಾಡಿಸಬೇಕೆಂದು ಅವನಿಗೆ ಅನಿಸಿತು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಇವನು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿದ. ಬೆಳಿಗ್ಗೆ ಹಾಜರಿ ಕೂಗಿದಾಗ ಮಗು ಎದ್ದು ನಿಂತು ತಾನು ಮಾಡಿದ ಒಂದು ಪಾಪ ಹೇಳಬೇಕು. ಏನೂ ಇಲ್ಲ ಎಂದರೆ ಅದು ಅಹಂಕಾರ, ಅದಕ್ಕೆ ಬೆತ್ತ.

ಮಕ್ಕಳು ದಾರಿ ಕಂಡುಕೊಂಡರು. ಇವತ್ತು ಬೆಲ್ಲ ಕದ್ದದ್ದು ನೀನು, ನಾಳೆ ನಾನು ಎಂದು ಪಾಪಗಳನ್ನು ಹಂಚಿಕೊಂಡರು. ಒಂದೇ ಬೆಲ್ಲದ ಅಚ್ಚು ವಾರವಿಡೀ ಬೆಂಚಿನಿಂದ ಬೆಂಚಿಗೆ ತಿರುಗಿತು. ಮಕ್ಕಳ ಹೃದಯ ಕರಗುತ್ತಿದೆ ಎಂದು ಉಪಾಧ್ಯಾಯ ಹಿಗ್ಗಿದ.

ಒಂದು ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಮೇಲಿದ್ದ ಭೂಗೋಳ ಕೆಳಗೆ ಬಿದ್ದು ಒಡೆದಿತ್ತು. ಯಾರು ಒಡೆದದ್ದು ಎಂದು ಕೇಳಿದ. ಹಾಜರಿ ಕೂಗುತ್ತ ಹೋದಾಗ ಒಬ್ಬ ಹುಡುಗಿ ತನ್ನ ಸರದಿಗೆ ಎದ್ದು, ನಾನೇ ಒಡೆದೆ ಎಂದಳು. ಅವಳನ್ನು ಮುಂದೆ ಕರೆದು ನಿಲ್ಲಿಸಿದ. ಈ ಪಾಪಿಗಾಗಿ ಪ್ರಾರ್ಥಿಸಿ ಎಂದು ಉಳಿದವರಿಗೆ ಹೇಳಿದ. ಗೆಳತಿಯರೆಲ್ಲ ಕಣ್ಣು ಮುಚ್ಚಿ ಅವಳ ಹೆಸರು ಹಿಡಿದು ಪ್ರಾರ್ಥಿಸಿದರು. ಅವಳು ಆ ದಿನವೆಲ್ಲ ತಲೆ ಎತ್ತಲಿಲ್ಲ.

ಮಧ್ಯಾಹ್ನ ಗಾಳಿ ಎದ್ದಿತು. ಮೇಜಿನ ಹಿಂದಿದ್ದ ಕಿಟಕಿಯ ಬಾಗಿಲು ರಪ್ಪನೆ ಒಳಕ್ಕೆ ಬಡಿದು ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಕೆಡವಿತು. ಉಪಾಧ್ಯಾಯ ನಿಂತಲ್ಲೇ ನಿಂತ. ಸಂಜೆ ಹೊತ್ತು ಆ ಕಿಟಕಿಗೆ ಚಿಲಕ ಹಾಕುವುದು ಅವನದೇ ಕೆಲಸ. ಹಿಂದಿನ ಸಂಜೆ ಹಾಕಲು ಮರೆತಿದ್ದ.

ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಕರೆದು, "ಯಾಕಮ್ಮ ಸುಳ್ಳು ಹೇಳಿದೆ?" ಎಂದು ಕೇಳಿದ.

"ಇವತ್ತಿಗೆ ನನ್ ಹತ್ರ ಬೇರೆ ಪಾಪ ಇರ್ಲಿಲ್ಲ ಸಾರ್" ಎಂದಳು.

ಅವನಿಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆ. ಪಾಪವೆಂದರೇನು ಎಂದು ತಿಳಿಸಹೊರಟವನು ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸಿದ್ದ, ಅದೂ ದೇವರ ಹೆಸರಿನಲ್ಲಿ. ಮರುದಿನ ಹಾಜರಿ ಪುಸ್ತಕ ಹಿಡಿದು ತರಗತಿಯ ಬಾಗಿಲಿಗೆ ಬಂದಾಗ, ಮಕ್ಕಳು ತಮ್ಮ ತಮ್ಮ ಪಾಪಗಳನ್ನು ಸಿದ್ಧಮಾಡಿಕೊಂಡು ಕೂತಿದ್ದರು.

ಅಯ್ಯನವರು ಅಲ್ಲಿಗೇ ನಿಲ್ಲಿಸಿದರು. ಸಿಲಾಸ ನೆಲ ನೋಡುತ್ತಿದ್ದ. "ಹಾಗಾದರೆ ಮಕ್ಕಳು ಪಾಪಿಗಳಲ್ಲವೇ, ಅಯ್ಯನವರೇ?" ಎಂದು ಮೆಲ್ಲಗೆ ಕೇಳಿದ.

"ಎಲ್ಲರೂ ಪಾಪಿಗಳು ಎಂದೇ ನಾನು ಕಲಿಸಿದ್ದು. ನಾಳೆ ಹಾಜರಿಯಲ್ಲಿ ಮೊದಲು ನಿನ್ನ ಹೆಸರು ಕೂಗು."